ರಿಪೇರಿಗೆ ದುಡ್ಡು ಕಡಿಮೆ, ಯಾವುದು ಮೊದಲು?

ಪ್ರಶ್ನೆ: ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂರು ರಿಪೇರಿ ಒಟ್ಟಿಗೆ ಬಂದಿವೆ. ಲಸಿಕೆ ಇಡುವ ಐಎಲ್‌ಆರ್‌ನ (ಒಳಗೆ ಐಸ್ ಪದರವಿರುವ ಫ್ರಿಜ್) ಸ್ಟೆಬಿಲೈಸರ್ ಆಗಾಗ ಕೈಕೊಡುತ್ತಿದೆ. ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಆಟೋಕ್ಲೇವ್‌ನ ಗ್ಯಾಸ್ಕೆಟ್‌ನಿಂದ (ಮುಚ್ಚಳದ ರಬ್ಬರ್ ರಿಂಗ್) ಹಬೆ ಸೋರುತ್ತಿದೆ. ಯುಪಿಎಸ್ ಬ್ಯಾಟರಿಯಲ್ಲಿ ಚಾರ್ಜ್ ನಿಲ್ಲುತ್ತಿಲ್ಲ. ಎಲ್ಲಕ್ಕೂ ದುಡ್ಡಿಲ್ಲ. ನಮ್ಮಲ್ಲಿ ಹೆರಿಗೆಯೂ ಆಗುತ್ತದೆ, ಹಾಗಾಗಿ ಚಿಂತೆ ಜಾಸ್ತಿ.

ಉತ್ತರ: ಯಾವುದು ಹಳೆಯದು ಅಂತಲ್ಲ, ಕೆಟ್ಟರೆ ಯಾರಿಗೆ ತೊಂದರೆ ಅಂತ ನೋಡಿ. ಗ್ಯಾಸ್ಕೆಟ್ ಮೊದಲು. ಹಬೆ ಸೋರಿ 121 ಡಿಗ್ರಿ ಮುಟ್ಟದಿದ್ದರೆ ಹೆರಿಗೆಯ ಕತ್ತರಿ ಸ್ಟೆರೈಲ್ ಆಗುವುದಿಲ್ಲ. ಕಣ್ಣಿಗೆ ಅದು ಗೊತ್ತೂ ಆಗುವುದಿಲ್ಲ! ರಬ್ಬರ್ ರಿಂಗ್ ತಾನೆ, ಸುಮ್ನೆ ತಡ ಮಾಡಬೇಡಿ.

ಇನ್ನೊಬ್ಬರು: ಜೊತೆಗೇ ಸ್ಟೆಬಿಲೈಸರ್. ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು ಅಲ್ವಾ? ಕರೆಂಟು ಹೋದರೆ ಒಳಗಿನ ಐಸ್ ಕೆಲವು ಗಂಟೆ ತಂಪು ಉಳಿಸುತ್ತದೆ. ಆದರೆ ಸ್ಟೆಬಿಲೈಸರ್ ಕೈಕೊಟ್ಟು, ವೋಲ್ಟೇಜ್ ಏರಿ ಫ್ರಿಜ್‌ನ ಕಂಪ್ರೆಸರ್ ಸುಟ್ಟರೆ ಏನು ಮಾಡುತ್ತೀರಿ? ಬೆಳಿಗ್ಗೆ, ಸಂಜೆ ಉಷ್ಣತೆ ಬರೆದಿಡಿ.

ಪ್ರಶ್ನೆ ಕೇಳಿದವರು: ಯುಪಿಎಸ್‌ಗೆ ಕಂಪ್ಯೂಟರ್ ಮಾತ್ರ ಇದೆ. ಅದು ಕಾಯಲಿ, ರಿಪೇರಿ ಆಗುವವರೆಗೆ ರಿಜಿಸ್ಟರ್‌ನಲ್ಲೇ ಬರೆಯುತ್ತೇವೆ. ಗ್ಯಾಸ್ಕೆಟ್‌ಗೆ ಇವತ್ತೇ ಹೇಳುತ್ತೇನೆ.