ವೇಗ 50ರಿಂದ 30ಕ್ಕೆ ಇಳಿಸಿದರೆ ಪೆಟ್ಟು ನಿಜಕ್ಕೂ ಕಮ್ಮಿಯಾಗುತ್ತಾ?

ಪ್ರಶ್ನೆ: ನಮ್ಮ ರಸ್ತೆಗೆ ಗಂಟೆಗೆ 30 ಕಿ.ಮೀ. ವೇಗದ ಮಿತಿ ಹಾಕಿದ್ದಾರೆ. ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಎಲ್ಲ ಇರೋ ಕಾರಲ್ಲಿ ಇಪ್ಪತ್ತು ಕಿ.ಮೀ. ವ್ಯತ್ಯಾಸಕ್ಕೆ ಏನು ಮಹಾ ಆಗಿಬಿಡುತ್ತೆ? ಸುಮ್ನೆ ಕೇಳ್ತಿದೀನಿ, ಜಗಳಕ್ಕಲ್ಲ.

ಉತ್ತರ 1: ಡ್ರೈವಿಂಗ್ ಕಲಿಸೋದು ನನ್ನ ಕೆಲಸ, ಈ ಪ್ರಶ್ನೆ ದಿನಾ ಬರುತ್ತೆ. ಮಗು ಅಡ್ಡ ಬಂತು ಅಂದ್ಕೊಳ್ಳಿ. ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡಾದ್ರೂ ಬೇಕು. 50ರಲ್ಲಿ ಅಷ್ಟರೊಳಗೇ ಕಾರು ಸುಮಾರು 14 ಮೀಟರ್ ಹೋಗಿರುತ್ತೆ. 30ರಲ್ಲಿದ್ದ ಕಾರು, ಒಣ ರಸ್ತೆಯಾದ್ರೆ, ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿ ಪೂರ್ತಿ ನಿಂತಿರುತ್ತೆ! ಇದು ನಿಂತ ಜಾಗದಲ್ಲಿ ಅದು ಇನ್ನೂ 50ರಲ್ಲೇ ಗುದ್ದುತ್ತೆ. ಆ ಒಂದು ಸೆಕೆಂಡಿಗೆ ಎಬಿಎಸ್ ಏನೂ ಮಾಡಲ್ಲ. ಏರ್‌ಬ್ಯಾಗಂತೂ ಒಳಗೆ ಕೂತೋರಿಗೆ, ಹೊರಗಿನ ಮಗುವಿಗಲ್ಲ.

ಪ್ರಶ್ನೆ ಕೇಳಿದವರು: ಒಪ್ಪಿದೆ. ಆದ್ರೆ ಬೋರ್ಡ್ ನೋಡಿ ನಿಧಾನ ಮಾಡೋರು ಯಾರು ಸಾರ್?

ಉತ್ತರ 2: ಬೋರ್ಡ್ ಒಂದೇ ಸಾಲಲ್ಲ, ಹಂಪು, ಕ್ಯಾಮೆರಾ ಬೇಕೇ ಬೇಕು. ಆದ್ರೂ ಎಲ್ಲರೂ ಒಂಚೂರು ಇಳಿಸಿದ್ರೂ ಲಾಭವೇ. ಸ್ವೀಡನ್ನಿನ ಸಂಶೋಧಕ ನಿಲ್ಸನ್ ಅವರ, ವೇಗಕ್ಕೂ ಅಪಘಾತಕ್ಕೂ ಇರೋ ನಂಟಿನ ಸೂತ್ರದ ಪ್ರಕಾರ ಸರಾಸರಿ ವೇಗ 5% ಇಳಿದ್ರೆ ಗಾಯದ ಅಪಘಾತ ಸುಮಾರು 10%, ಸಾವಿನ ಅಪಘಾತ ಸುಮಾರು 20% ಇಳಿಯುತ್ತೆ.

ಉತ್ತರ 1: ಹೌದು. ಗುದ್ದಿದ್ರೂ 30ರಲ್ಲಿ ಇರೋ ಶಕ್ತಿ 50ರಲ್ಲಿ ಇರೋದರ 36% ಅಷ್ಟೇ. ಮಳೆ ಬಂದು ರಸ್ತೆ ಒದ್ದೆಯಾಗಿದ್ರೆ 30 ಕೂಡ ಜಾಸ್ತೀನೇ ಅಂತೀನಿ ನಾನು.