ಆಫೀಸ್ ಕಂಪ್ಯೂಟರಿನ ಸ್ಕ್ರೀನ್ ಫೋಟೋ ತೆಗೀತಿದ್ದಾರೆ, ಏನು ಮಾಡಲಿ?

ಮಂಡಿ ಲೆಕ್ಕ (ಶಿರಸಿ):
ಇಲ್ಲೊಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್), ಬಿಲ್ಲು, ಬೆಳೆಗಾರರ ಖಾತೆ ಎಲ್ಲಾ ನನ್ನ ತಲೆ ಮೇಲೇ. ಯಜಮಾನ್ರ ಮಗ ಬೆಂಗಳೂರಿಂದ ಬಂದವರು ಎಲ್ಲಾ ಕಂಪ್ಯೂಟರಿಗೂ ಏನೋ ಸಾಫ್ಟ್‌ವೇರ್ ಹಾಕಿಸಿದರು. ಕೇಳಿದ್ದಕ್ಕೆ ‘ಅಪ್‌ಡೇಟ್’ ಅಂದರು, ಅಷ್ಟೇ. ಈಗ ಗೊತ್ತಾಯ್ತು, ಆಗಾಗ ಸ್ಕ್ರೀನಿನ ಫೋಟೋ ಅವರಿಗೆ ಹೋಗುತ್ತದೆ. ಮೌಸ್ ಅಲ್ಲಾಡದ ಹೊತ್ತೆಲ್ಲಾ ಕೆಂಪು ಗೆರೆಯಲ್ಲಿ ‘ಐಡಲ್’, ಅಂದರೆ ಸುಮ್ಮನೆ ಕೂತಿದ್ದು.

ಮೊನ್ನೆ ಆ ರಿಪೋರ್ಟ್ ಎದುರಿಗಿಟ್ಟು, ಬೆಳಿಗ್ಗೆಯಿಡೀ ಏನು ಮಾಡ್ತಿದ್ರಿ ಅಂತ ಕೇಳಿದರು. ಅವತ್ತು ಕೌಂಟರಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಚಾಲಿ ಅಡಿಕೆ ಎಷ್ಟು ಚೀಲ, ರಾಶಿ ಅಡಿಕೆ ಎಷ್ಟು ಚೀಲ ಅಂತ ತೂಕದ ಚೀಟಿ ತಾಳೆ ನೋಡುತ್ತಿದ್ದೆ. ಒಬ್ಬರು ಹೆಗಡೇರು ಕೆಂಪುಗೋಟು ಅಡಿಕೆಗೆ ದರ ಯಾಕೆ ಇಳೀತು ಅಂತ ಬಿಡದೇ ಕೂತಿದ್ದರು. ಅವರಿಗೆ ಸಮಾಧಾನ ಹೇಳಿ ಕಳಿಸೋದು ಕೆಲಸ ಅಲ್ವಾ? ಮೌಸಿಗೆ ಅದು ಹೇಗೆ ಗೊತ್ತಾಗಬೇಕು!

ಇನ್ನೊಂದು. ಬೆಳೆಗಾರರು ಪಾಸ್‌ಬುಕ್ ಫೋಟೋ ಕಳಿಸೋದು ನನ್ನ ನಂಬರಿಗೇ. ಹಾಗಾಗಿ ನನ್ನ ವಾಟ್ಸಾಪ್ ಆಫೀಸ್ ಕಂಪ್ಯೂಟರಿನಲ್ಲೇ ತೆರೆದಿರುತ್ತದೆ. ಅಮ್ಮನ ಆಸ್ಪತ್ರೆ ರಿಪೋರ್ಟೂ ಅದರಲ್ಲೇ. ಇದಕ್ಕೆ ಕಾನೂನು ಏನೂ ಇಲ್ವಾ?

ಕೇಬಲ್ ಕೆಲಸ (ಕಾರವಾರ):
ಮೊದಲು ಫೋನಿನಲ್ಲಿ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಲಾಗೌಟ್ ಮಾಡಿ. ಮಂಡಿಗೆ ಬೇರೆ ಸಿಮ್ ಕೇಳಿ, ಪಾಸ್‌ಬುಕ್ ಎಲ್ಲಾ ಅದಕ್ಕೇ ಬರಲಿ. ಇನ್‌ಕಾಗ್ನಿಟೋದಲ್ಲಿ ತೆರೆದರೆ ಕಾಣಲ್ಲ ಅಂತ ಕೆಲವರು ಹೇಳ್ತಾರೆ, ಸುಳ್ಳು. ಪರದೆ ಮೇಲೆ ಇದ್ದದ್ದೆಲ್ಲಾ ಫೋಟೋದಲ್ಲೂ ಇರುತ್ತದೆ.

ಗಂಗಾವಳಿ ದಂಡೆ (ಅಂಕೋಲಾ):
ಮೌಸ್ ತಾನೇ ಅಲ್ಲಾಡಿಸುವ ಡಬ್ಬಿ ಆನ್‌ಲೈನಲ್ಲಿ ಸಿಗ್ತದೆ, ತಗೊಳ್ಳಿ 😄

ಕೇಬಲ್ ಕೆಲಸ (ಕಾರವಾರ):
ಬೇಡ ಮಾರಾಯ, ಪಾಪ ಅವರ ಕೆಲಸ ಕಳೀತೀಯಾ? ಕೀಬೋರ್ಡ್ ಒತ್ತಿದ ಹಾಗೆ ನಾಟಕ ಮಾಡಿದರು ಅಂತ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು 2024ರಲ್ಲಿ ಹನ್ನೆರಡಕ್ಕೂ ಜಾಸ್ತಿ ಜನರನ್ನು ಮನೆಗೆ ಕಳಿಸಿತು.

ಕೋರ್ಟ್ ರಸ್ತೆ (ಕುಮಟಾ):
ಅಕ್ಕಾ, ಕಾನೂನು ನೀವಂದುಕೊಂಡಷ್ಟು ನಿಮ್ಮ ಕಡೆ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದು ನಿಜ. ಆ ಕೇಸು ಹಾಕಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿ ಆಗಿದ್ದವರು. ಆದರೆ ಜನರ ವೈಯಕ್ತಿಕ ಮಾಹಿತಿ ಕಾಪಾಡುವ 2023ರ ಡೇಟಾ ಕಾಯ್ದೆಯ 7ನೇ ಸೆಕ್ಷನ್, ನೌಕರಿಯ ವಿಷಯಕ್ಕೆ ಮತ್ತು ಮಾಲೀಕರಿಗೆ ನಷ್ಟ ಆಗದಂತೆ ನೋಡಿಕೊಳ್ಳಲಿಕ್ಕೆ ಒಪ್ಪಿಗೆ ಕೇಳದೇನೂ ಮಾಹಿತಿ ಬಳಸಲು ಬಿಡುತ್ತದೆ.

ನೀವು ಹಿಡಿಯಬೇಕಾದ್ದು ಪಾಸ್‌ಬುಕ್ಕನ್ನು. ಬೆಳೆಗಾರರ ಖಾತೆ ನಂಬರು ಆ ಫೋಟೋಗಳಲ್ಲಿ ಸೋರಿದರೆ ಹೊಣೆ ಯಜಮಾನ್ರದ್ದು. ಕಾಯ್ದೆಯಲ್ಲಿ ದಂಡ 250 ಕೋಟಿವರೆಗೂ ಇದೆ. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಜಾರಿ ಹಂತ ಹಂತವಾಗಿ. ಮಂಡಿಗೆ ಅಷ್ಟು ಹಾಕ್ತಾರೆ ಅಂತಲ್ಲ, ಆದರೆ ಆ ಅಂಕಿ ಕೇಳಿದರೆ ಯಾರಾದರೂ ಕಿವಿಗೊಡ್ತಾರೆ.

ಬಂದರು ಹಾರ್ಡ್‌ವೇರ್ (ಹೊನ್ನಾವರ):
ನಾನು ಮಾಲೀಕ, ಬೈಯಬೇಡಿ. ನಮ್ಮಲ್ಲಿ ಬಿಲ್ಲು ಮಾಡಿದ ಮೇಲೆ ರೇಟು ತಿದ್ದಿ ದುಡ್ಡು ಹೊಡೆದವರಿದ್ದರು. ಅದನ್ನು ಸ್ಕ್ರೀನ್ ಫೋಟೋ ಹಿಡಿಯಲ್ಲ. ಕೂತು ನೋಡುವವರು ಯಾರು? ಟ್ಯಾಲಿ ಪ್ರೈಮಿನಲ್ಲಿ ‘ಎಡಿಟ್ ಲಾಗ್’ ಇದೆ. ಯಾವ ವೋಚರನ್ನು ಯಾರು ಯಾವಾಗ ತಿದ್ದಿದರು ಅಂತ ಬರುತ್ತದೆ. ಕಂಪನಿಗಳಿಗೆ ಇಂಥ ದಾಖಲೆ 2023ರ ಏಪ್ರಿಲ್ 1ರಿಂದ ಕಡ್ಡಾಯ. ನಿಮ್ಮ ಮಂಡಿ ಕಂಪನಿ ಅಲ್ಲದಿದ್ದರೂ ಆನ್ ಮಾಡಬಹುದು. ಯಜಮಾನ್ರಿಗೆ ಭಯ ಯಾವುದರದ್ದು ಅಂತ ನೇರ ಕೇಳಿ.

ಮಂಡಿ ಲೆಕ್ಕ (ಶಿರಸಿ):
ಎಲ್ಲರಿಗೂ ಥ್ಯಾಂಕ್ಸ್. ಮಗನ ಹತ್ತಿರ ಅಲ್ಲ, ಯಜಮಾನ್ರ ಹತ್ತಿರವೇ ಮಾತಾಡಿದೆ. ಪಾಸ್‌ಬುಕ್ ವಿಷಯ ಹೇಳಿದ ತಕ್ಷಣ ಕವಳ ಉಗಿದು ಬಂದು ಸರಿಯಾಗಿ ಕೂತರು. ಸಿಮ್ ಅವತ್ತೇ ತರಿಸಿದರು. ಎಡಿಟ್ ಲಾಗ್ ಹಾಕಲಿಕ್ಕೂ ಅಡ್ಡಿಲ್ಲ ಅಂದರು. ಕೌಂಟರಿನ ಹೊತ್ತನ್ನು ‘ಐಡಲ್’ ಅನ್ನಬಾರದು ಅಂದಿದ್ದಕ್ಕೆ ಮಾತ್ರ, ‘ತಮ್ಮನ್ನ ಕೇಳ್ತೆ’ (ಮಗನನ್ನು ಕೇಳ್ತೇನೆ) ಅಂದು ಎದ್ದರು. ಈವರೆಗೆ ಹೋದ ಫೋಟೋ ಅಳಿಸಿ ಅಂತ ಬಾಯಲ್ಲಿ ಕೇಳಿದರೆ ಸಾಕಾ, ಬರೆದೇ ಕೊಡಬೇಕಾ? ಕುಮಟಾದವರು ಹೇಳಿ.