ಕಬ್ ಸ್ಕೌಟ್ಸ್‌ಗೆ ಸೇರಿಸಿದರೆ ಅಪ್ಪ-ಅಮ್ಮನಿಗೆ ಎಷ್ಟು ಕೆಲಸ?

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರ ಇದ್ದೇವೆ. ಮಗ ಒಂದನೇ ಗ್ರೇಡ್. ಶಾಲೆಯಿಂದ ಕಬ್ ಸ್ಕೌಟ್ಸ್ (ಚಿಕ್ಕ ಮಕ್ಕಳ ಸ್ಕೌಟ್ಸ್) ಚೀಟಿ ತಂದಿದ್ದಾನೆ, ಸೇರಲೇಬೇಕಂತೆ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಎರಡು ವರ್ಷದ ಮಗಳೂ ಇದ್ದಾಳೆ. ಅವನನ್ನು ಬಿಟ್ಟು ಬಂದು, ಮುಗಿದ ಮೇಲೆ ಹೋಗಿ ಕರೆತಂದರೆ ಸಾಕಾ? ಅನುಭವ ಇದ್ದವರು ಹೇಳಿ.

ಉತ್ತರ: ಕಬ್ ಸ್ಕೌಟ್ಸ್‌ನಲ್ಲಿ ಗ್ರೇಡಿಗೊಂದು ಹೆಸರು, ಒಂದನೇ ಗ್ರೇಡ್ ಅಂದರೆ ಟೈಗರ್. ಅದಕ್ಕೂ ಚಿಕ್ಕವರು ಲಯನ್. ಈ ಎರಡರಲ್ಲೂ ಮಗುವಿನ ಜೊತೆ ಒಬ್ಬ ದೊಡ್ಡವರು ಕೂತಿರಲೇಬೇಕು. ಅಪ್ಪ-ಅಮ್ಮನೇ ಆಗಬೇಕಿಲ್ಲ, ಊರಿಂದ ತಾತ ಬಂದಿದ್ದರೆ ಅವರೂ ಆಗುತ್ತದೆ. ಎರಡನೇ ಗ್ರೇಡಿನಲ್ಲಿ ವುಲ್ಫ್ ಆದ ಮೇಲೆ ಸ್ವಲ್ಪ ಸಡಿಲ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಒಂದೇ ಗ್ರೇಡಿನ ಮಕ್ಕಳ ಚಿಕ್ಕ ಗುಂಪು ಡೆನ್, ಎಲ್ಲ ಡೆನ್ ಸೇರಿದರೆ ಪ್ಯಾಕ್. ಡೆನ್ ನೋಡಿಕೊಳ್ಳುವ ಡೆನ್ ಲೀಡರ್, ಪ್ಯಾಕ್ ನಡೆಸುವ ಕಬ್‌ಮಾಸ್ಟರ್, ಯಾರಿಗೂ ಸಂಬಳವಿಲ್ಲ. ಅವರೂ ನಮ್ಮ ಹಾಗೆ ಆಫೀಸ್ ಮುಗಿಸಿ ಓಡಿ ಬಂದವರೇ. ಪ್ರತಿ ಮೀಟಿಂಗ್‌ಗೂ 21 ವರ್ಷ ತುಂಬಿದ, ಹೆಸರು ನೋಂದಾಯಿಸಿದ ಇಬ್ಬರು ಇರಬೇಕು. ಒಬ್ಬರಿಗೆ ಜ್ವರ ಬಂದು ಬದಲಿ ಸಿಗದಿದ್ದರೆ ಆ ವಾರ ಮೀಟಿಂಗೇ ಇಲ್ಲ. ಅದಕ್ಕೇ ಹೊಸಬರು ಕಂಡರೆ ಸಾಕು, "ನೀವೇನು ಮಾಡ್ತೀರಿ?" ಅಂತ ಹಿಡಿದುಕೊಳ್ಳುತ್ತಾರೆ. ಸುಮ್ನೆ ತಲೆ ತಗ್ಗಿಸಿ ಕೂತರೆ ಉಳಿದ ಕೆಲಸ ನಿಮ್ಮ ತಲೆಗೇ ಬರುತ್ತದೆ. ಲೆಕ್ಕ ಬರೆಯುವುದೋ, ಇಮೇಲ್ ಕಳಿಸುವುದೋ, ಮನೆಯಲ್ಲೇ ಕೂತು ಮಾಡುವ ಒಂದನ್ನು ನೀವೇ ಕೇಳಿ ತೆಗೆದುಕೊಳ್ಳಿ. ಪ್ಯಾಕ್‌ಗೆ ಹಣ ಕೂಡಿಸಲು ಮಾಡುವ ಪಾಪ್‌ಕಾರ್ನ್ ಮಾರಾಟದ ಉಸ್ತುವಾರಿ ಮಾತ್ರ ಬೇಡವೇ ಬೇಡ. ಗ್ಯಾರೇಜ್ ತುಂಬಾ ಡಬ್ಬ!

ಇನ್ನೊಬ್ಬರು: ಕ್ಯಾಂಪಿಂಗ್ ಬಗ್ಗೆ ನಾನು ಹೇಳುತ್ತೇನೆ. ರಾತ್ರಿ ಉಳಿಯುವುದಿದ್ದರೆ ಐದನೇ ಗ್ರೇಡ್‌ವರೆಗೂ ಅಪ್ಪನೋ ಅಮ್ಮನೋ ಜೊತೆಗಿರಬೇಕು. ನನಗೆ ಟೆಂಟ್ ಹಾಕಲು ಬರುತ್ತಿರಲಿಲ್ಲ, ಅಲ್ಲಿದ್ದವರೇ ಕಲಿಸಿದರು. ಸಸ್ಯಾಹಾರಿಗಳಾದರೆ ಮೊದಲೇ ತಿಳಿಸಿ, ಆದರೂ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಮಗಳ ಚಿಂತೆ ಬೇಡ. ನಮ್ಮ ಪ್ಯಾಕ್‌ನಲ್ಲಿ ತಮ್ಮ ತಂಗಿಯರು ಮೂಲೆಯಲ್ಲಿ ಬಣ್ಣ ಹಚ್ಚುತ್ತಾ ಕೂತಿರುತ್ತಾರೆ.

ಮತ್ತೊಬ್ಬರು: ಪೈನ್‌ವುಡ್ ಡರ್ಬಿ ಮರೆತಿರಾ? ಮರದ ತುಂಡು ಕೊಡುತ್ತಾರೆ, ಮಗು ಅದರಲ್ಲಿ ಆಟದ ಕಾರು ಮಾಡಿ ರೇಸ್‌ಗೆ ತರಬೇಕು. ತೂಕ 5 ಔನ್ಸ್ ಮೀರಬಾರದು. ಹೆಸರಿಗೆ ಮಕ್ಕಳ ಕಾರು, ರಾತ್ರಿ ಹನ್ನೊಂದಕ್ಕೆ ಮರಳುಕಾಗದ ಉಜ್ಜುವವರು ಅಪ್ಪಂದಿರು. ಗೆಲ್ಲುವ ಹುಚ್ಚು ಬಿಟ್ಟರೆ ಒಂದು ಶನಿವಾರದ ಕೆಲಸ ಅಷ್ಟೇ.

ಶಿವಮೊಗ್ಗದಿಂದ: ಓದಿ ಆಶ್ಚರ್ಯ ಆಯಿತು. ಇಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಶಾಲೆಯಲ್ಲೇ ನಡೆಯುತ್ತದೆ, ಟೀಚರೇ ನೋಡಿಕೊಳ್ಳುತ್ತಾರೆ. ಮಗಳು ಬುಲ್‌ಬುಲ್ (ಚಿಕ್ಕ ಹುಡುಗಿಯರ ವಿಭಾಗ) ಇದ್ದಾಗ ಯೂನಿಫಾರ್ಮ್ ಹೊಲಿಸಿ ಕೊಟ್ಟೆವು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆವು. ದೊಡ್ಡವಳಾಗಿ ಗೈಡ್ ಆದ ಮೇಲೆ ಕ್ಯಾಂಪಿಗೆ ತಟ್ಟೆ ಲೋಟ ಹೊದಿಕೆ ಕಟ್ಟಿ ಬಸ್ ಹತ್ತಿಸಿದೆವು. ಆರಾಮವೇನೋ ಹೌದು. ಆದರೆ ಅವಳು ಅಲ್ಲಿ ಏನು ಕಲಿಯುತ್ತಿದ್ದಳು ಅಂತ ನಮಗೆ ಜಾಸ್ತಿ ಗೊತ್ತೇ ಆಗಲಿಲ್ಲ.

ಮೊದಲು ಉತ್ತರ ಕೊಟ್ಟವರು: ಇಲ್ಲೂ ಕಬ್ ಸ್ಕೌಟ್ಸ್ ಮುಗಿಸಿ, ದೊಡ್ಡವರಾಗಿ ಟ್ರೂಪ್ (ದೊಡ್ಡ ಮಕ್ಕಳ ಸ್ಕೌಟ್ ಗುಂಪು) ಸೇರಿದ ಮೇಲೆ ಹಾಗೇ ಆಗುತ್ತದೆ. ಅಡುಗೆ ಏನು, ಎಲ್ಲಿಗೆ ಹೋಗುವುದು ಅಂತ ಮಕ್ಕಳೇ ತೀರ್ಮಾನ ಮಾಡುತ್ತಾರೆ. ನನ್ನ ಮಗನ ಟ್ರೂಪ್‌ನಲ್ಲಿ ನಾನೀಗ ಬರೀ ಡ್ರೈವರ್. ಹಾಗಾಗಿ ಹೆಚ್ಚು ಕಷ್ಟ ಇರುವುದು ಮೊದಮೊದಲು. ಹತ್ತಿರದಲ್ಲಿ ಒಂದಕ್ಕಿಂತ ಹೆಚ್ಚು ಪ್ಯಾಕ್ ಇದ್ದರೆ ಎಲ್ಲ ಕಡೆ ಒಮ್ಮೆ ಹೋಗಿ ನೋಡಿ. ಟೈಗರ್ ಡೆನ್‌ಗೆ ಲೀಡರ್ ಇದ್ದಾರಾ ಅಂತ ಮೊದಲು ಕೇಳಿ. "ಇನ್ನೂ ಹುಡುಕುತ್ತಿದ್ದೇವೆ" ಅಂದರೆ, ನಿಮ್ಮಿಬ್ಬರಲ್ಲಿ ಒಬ್ಬರನ್ನು ಆಗಲೇ ನೋಡಿಟ್ಟಿದ್ದಾರೆ ಅಂತ ತಿಳಿಯಿರಿ.